ಹೊಳೆಯ ಬದಿಗೆ ನಡೆಯುವವನು

ಈ ಭೀಮಸಿ ಯಾರಿಗಾಗಿ ಹೊಂಚು ಹಾಕಿದ್ದಾನೆ?

ಹದಿನೇಳು ದಿನಗಳಿಂದ ಕುಣಾಲನ ತಲೆಯಲ್ಲಿ ಇದೊಂದೇ ಪ್ರಶ್ನೆ. ಮುಂದೆ ಜೈನ ಸಾಧ್ವಿಯರಾದ ಮೂವರು ಮಾತಾಜಿಯವರು ಬರಿಗಾಲಲ್ಲಿ ನಡೆಯುತ್ತಿದ್ದರು. ಕಾಲಡಿಗೆ ಇರುವೆ ಸಿಗಬಾರದೆಂದು ಅವರ ಕಣ್ಣು ನಾಲ್ಕು ಮೊಳ ನೆಲ ಬಿಟ್ಟು ಮೇಲೇಳುವುದಿಲ್ಲ. ಹಿಂದಿನಿಂದ ಏನು ಬಂದರೂ ಅವರಿಗೆ ಗೊತ್ತಾಗದು. ಅದಕ್ಕೇ ಊರಿಂದ ಊರಿಗೆ ಅವರು ಹೊರಟಾಗ ವಿಹಾರ ಸೇವೆಯವರು ಜೊತೆಗೆ ನಡೆಯುತ್ತಾರೆ, ಕೆಂಪು ಬಾವುಟ ಬೀಸಿ ಕಬ್ಬಿನ ಟ್ರ್ಯಾಕ್ಟರುಗಳನ್ನು ತಡೆಯುತ್ತಾರೆ. ಎಲ್ಲರಿಗಿಂತ ಹಿಂದಿನ ಬಾವುಟ ಕುಣಾಲನದು.

ಭೀಮಸಿಯ ಕೈಯಲ್ಲಿ ಬಾವುಟವೂ ಇಲ್ಲ. ಅವನು ರಸ್ತೆಯನ್ನೂ ನೋಡುವುದಿಲ್ಲ, ಮಾತಾಜಿಯವರನ್ನೂ ನೋಡುವುದಿಲ್ಲ. ಕುಣಾಲನನ್ನೇ ನೋಡುತ್ತಾನೆ.

ಐವತ್ತು ದಾಟಿದ ಗಟ್ಟಿ ಆಳು. ಹೊಳೆದಂಡೆಯಲ್ಲಿ ಯಾರದೋ ಪಂಪ್‌ಸೆಟ್ಟು ನೋಡಿಕೊಳ್ಳುತ್ತಿದ್ದನಂತೆ. ಜೈನನಲ್ಲ, ಯಾರೂ ಕರೆದವನೂ ಅಲ್ಲ. ಕುಣಾಲ ಸೇರಿದ ದಿನವೇ ಏದುಸಿರು ಬಿಡುತ್ತ ಓಡಿ ಬಂದು ಸೇರಿಕೊಂಡಿದ್ದ. ಬಸದಿಯ ಕೋಣೆಯಲ್ಲಿ ಬಾಗಿಲಿಗೆ ಅಡ್ಡ ಮಲಗುತ್ತಾನೆ. ಭೋಜ ಗ್ರಾಮದಲ್ಲಿ ಮಾತಾಜಿಯವರಿಗೆಂದು ಕುಣಾಲ ಬಾವಿ ನೀರು ಸೇದಲು ಹೋದಾಗ ಹಗ್ಗವನ್ನೇ ಕಸಿದುಕೊಂಡ.

"ನೀ ದೂರ ಸರಿ. ಇನ್ನ ಮ್ಯಾಲೆ ನೀರು ನಾ ಸೇದ್ತೀನಿ."

ಮಾತಾಜಿಯವರು ದಿನಕ್ಕೆ ಒಂದೇ ಸಲ ಬಾಯಿಗಿಡುವ ನೀರು. ಅದರಲ್ಲಿ ಏನಾದರೂ ಬೆರೆಸಿದರೆ? ಅಂದಿನಿಂದ ಆ ಕೊಡದ ನೀರನ್ನು ಮೊದಲು ಕುಣಾಲ ತಾನೇ ಕುಡಿದು ನೋಡುತ್ತಿದ್ದ.

ಬೇಡಕಿಹಾಳದಲ್ಲಿ ಇನ್ನೊಂದು. ಸ್ನಾನ ಮುಗಿಸಿ ಬಂದರೆ ಭೀಮಸಿ ಅವನ ಚೀಲ ಬಿಚ್ಚಿ ಕೂತಿದ್ದ.

"ಏನ್ ಹುಡಕಾಕತ್ತೀರಿ ಕಾಕಾ?"

"ಏನಿಲ್ಲ ತಮ್ಮಾ." ಚೀಲ ಕಟ್ಟಿಟ್ಟ. "ಏನೂ ಸಿಗಲಿಲ್ಲ, ಚಲೋ ಆತು."

ಅಂದೇ ಕುಣಾಲ ತ್ರಿಶಲಾ ಕಾಕು ಬಳಿ ಹೋಗಿದ್ದ. ಸೇವೆಯ ಹೊಣೆ ಹೊತ್ತವರು ಅವರು.

"ಕಾಕು, ಆ ಭೀಮಸಿನ ಕಳಿಸಿಬಿಡ್ರಿ. ನನಗ ಅಂಜಿಕಿ ಬರಾಕತ್ತೈತಿ."

"ಅಯ್ಯ, ಲಾರಿಗೆ ಅಡ್ಡ ನಿಲ್ಲಾಂವಗ ಮುದುಕನ ಅಂಜಿಕಿ!" ತ್ರಿಶಲಾ ನಕ್ಕರು. "ಸೇವಾಕ್ಕ ಬಂದವ್ರನ್ನ ಹೆಂಗ ಹೊಳ್ಳಿ ಕಳಸೂದೋ? ನಿನ್ನ ಏನು ಅರ್ಜಿ ಬರಿಸಿ ತಗೊಂಡೀನೇನು?"

ಅದೂ ನಿಜ. ಅವನು ಸೇರಿದ ದಿನ ಮಾತಾಜಿಯವರ ಸಂಘ ಹೊಳೆ ದಾಟುತ್ತಿತ್ತು. ಬರುತ್ತೇನೆಂದ ಸೇವಕ ಬಂದಿರಲಿಲ್ಲ. ಸೇತುವೆಯ ಕಟ್ಟೆಯ ಹತ್ತಿರ ಕುಣಾಲ ಒಬ್ಬನೇ ನಿಂತಿದ್ದ. "ಎಷ್ಟೊತ್ತಾತೋ ಪಾಪ, ನಮಗ ತಡಾ ಆತು. ಝಂಡಾ ಹಿಡಿ, ಹಿಂದ ನಡಿ," ಎಂದು ತ್ರಿಶಲಾ ಬಾವುಟ ಕೊಟ್ಟಿದ್ದರು. ಅರ್ಧ ತಾಸಿನಲ್ಲಿ ಲಾರಿಯೊಂದು ಅವನ ಬಾವುಟ ಕಂಡು ಕಿರುಗುಟ್ಟಿ ನಿಂತಿತು. ಏನೂ ತಿಳಿಯದ ಮಾತಾಜಿಯವರು ಮುಂದೆ ಒಂದು ಇರುವೆ ಸಾಲನ್ನು ಬಳಸಿ ನಡೆದರು. ಆ ಮಧ್ಯಾಹ್ನ ಕುಣಾಲ ಮೂರು ರೊಟ್ಟಿ ತಿಂದ. ಬಹಳ ದಿನಗಳ ಮೇಲೆ ಹಸಿವಾಗಿತ್ತು.

ಇಂದು ಮರಳಿ ಅದೇ ಸೇತುವೆ. ಬೇರೆ ದಾರಿ ಹಿಡಿಯೋಣವೆಂದು ಬೆಳಿಗ್ಗೆಯೇ ಗೋಗರೆದಿದ್ದ. ಬರಿಗಾಲಿಗೆ ಎಂಟು ಕಿಲೋಮೀಟರು ಹೆಚ್ಚಾಗುತ್ತದೆಂದು ತ್ರಿಶಲಾ ಒಪ್ಪಲಿಲ್ಲ.

ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಮೊಣಕಾಲೆತ್ತರದ ಕಟ್ಟೆ. ಕೆಳಗೆ ನೀರಿನ ಸದ್ದು. ಭೀಮಸಿ ಎಂದಿನಂತೆ ಹೊಳೆಯ ಬದಿಗೆ ಬಂದ. ಕುಣಾಲ ಬಾವುಟದ ಕೋಲನ್ನು ಬಿಗಿಯಾಗಿ ಹಿಡಿದ. ಏನಾದರೂ ಮಾಡುವುದಿದ್ದರೆ ಇಲ್ಲೇ ಮಾಡುತ್ತಾನೆ.

ಹಿಂದಿನಿಂದ ಹಾಡು ಕೇಳಿಸಿತು. ಎರಡು ಟ್ರೇಲರು ಕಬ್ಬು ಎಳೆಯುವ ಟ್ರ್ಯಾಕ್ಟರು. ಕುಣಾಲ ರಸ್ತೆಯ ನಡುವೆ ನಿಂತು ಬಾವುಟ ಬೀಸಿದ. ಟ್ರ್ಯಾಕ್ಟರು ನಿಧಾನಿಸಿತು. ಟ್ರೇಲರಿನ ಕಬ್ಬು ಹೊರಚಾಚಿತ್ತು. ಅವನು ಹಿಂದೆ ಸರಿದ, ಇನ್ನೊಂದು ಹೆಜ್ಜೆ ಸರಿದ. ಕಟ್ಟೆ ಕಾಲಿಗೆ ತಗುಲಿತು.

ಭೀಮಸಿಯ ಕೈ ಅವನ ಮಣಿಕಟ್ಟನ್ನು ಹಿಡಿಯಿತು.

"ಬಿಡ್ರಿ! ಮುಂದ ಮಾತಾಜಿಯವ್ರು ಅದಾರ!"

"ಅವರನ್ನ ಕಾಯಾಕ ನೀ ಅದಿ." ಭೀಮಸಿ ಹಿಡಿತ ಇನ್ನೂ ಬಿಗಿ ಮಾಡಿದ. "ನಾ ಅವರ ಸೇವಾಕ್ಕ ಬಂದಾಂವಲ್ಲ."

ಟ್ರ್ಯಾಕ್ಟರು ದಾಟಿ ಹೋಯಿತು. ಹಿಡಿತ ಸಡಿಲಲಿಲ್ಲ. ಸೇತುವೆ ಮುಗಿಯುವವರೆಗೆ ಇಬ್ಬರೂ ಹಾಗೇ ನಡೆದರು. ಮಂಜು ಸರಿದು ಕೆಳಗಿನ ಪಂಪ್‌ಸೆಟ್ಟಿನ ಗುಡಿಸಲು ಕಂಡಿತು. ಅದರ ಬಾಗಿಲು ನೇರ ಕಟ್ಟೆಯ ಕಡೆಗಿತ್ತು.

ಕುಣಾಲ ಬಹಳ ಹೊತ್ತು ಅದನ್ನೇ ನೋಡಿದ.

"ಅಲ್ಲಿಂದ ಎಲ್ಲಾ ಕಾಣತೈತೇನ್ರಿ ಕಾಕಾ?"

"ಕಾಣತೈತಿ ತಮ್ಮಾ. ಅವತ್ತು ನಾ ಹತ್ತಿ ಬರೂದ್ರಾಗ ಆ ಅಕ್ಕಾರು ನಿನ್ನ ಕೈಯಾಗ ಝಂಡಾ ಕೊಟ್ಟಿದ್ರು."

ಮುಂದಿನಿಂದ ತ್ರಿಶಲಾ ಕೂಗಿದರು: "ಏ ಕುಣಾಲ, ಅಥಣಿತನಕ ಬರ್ತಿ ಹೌದಲ್ಲೋ? ಅಂದ್ರ ಬ್ಯಾರೆ ಮಂದೀನ ಹುಡುಕೂದಿಲ್ಲ!"

"ಬರ್ತೀನ್ರಿ ಕಾಕು!"

ಹದಿನೇಳು ದಿನಗಳ ಹಿಂದಿನ ಆ ಬೆಳಿಗ್ಗೆ ತಾನು ಸೇತುವೆಯ ಮೇಲೆ ನಿಂತಿದ್ದದ್ದು ಸಂಘದ ದಾರಿ ಕಾಯುವುದಕ್ಕಲ್ಲ, ಕಟ್ಟೆ ದಾಟಿ ಹೊಳೆಗೆ ಇಳಿಯುವುದಕ್ಕೆ ಎಂಬುದನ್ನು ಕುಣಾಲ ಯಾರಿಗೂ ಹೇಳಿರಲಿಲ್ಲ.