ಕಿವಿಗೆ ಒಪ್ಪಿದ ಬೂಟು

ನವಾಜ ತೆಗೆದುಕೊಟ್ಟ ಎರಡನೆಯ ಜೋಡಿ ಬೂಟನ್ನೂ ರಮಜಾನಸಾಬ ಬರೀ ಕಿವಿಯಿಂದಲೇ ತಳ್ಳಿಹಾಕಿದ. ಗಜೇಂದ್ರಗಡದ ರೋಣ ರಸ್ತೆಯಲ್ಲಿ, ನವಾಜನ ಬೂಟಿನ ಅಂಗಡಿಯ ಪಕ್ಕದ ಬೇವಿನ ಕೆಳಗೆ ಅವನು ನಲವತ್ತು ವರ್ಷಗಳಿಂದ ಎತ್ತುಗಳಿಗೆ ನಾಲ ಬಡಿಯುತ್ತಿದ್ದ. ಬಡಿದಾದ ಮೇಲೆ ಎತ್ತನ್ನು ರಸ್ತೆಯಲ್ಲಿ ನಡೆಸಲು ಹೇಳಿ, ತಾನು ಬೆನ್ನು ತಿರುಗಿಸಿ ಕೂರುತ್ತಿದ್ದ. ನಾಲ್ಕೂ ಕಾಲು ಒಂದೇ ಸಮ ಸದ್ದು ಮಾಡಬೇಕು. ಇವತ್ತು ಅವನ ಬೆನ್ನ ಹಿಂದೆ ಓಡುತ್ತಿದ್ದವಳು ಪುರ್ತಗೇರಿಯ ದುರ್ಗಾ.

ಕಳೆದ ವರ್ಷ ನರಗುಂದದ ಇಪ್ಪತ್ತೊಂದು ಕಿಲೋಮೀಟರ್ ಓಟದಲ್ಲಿ ಹದಿನಾಲ್ಕನೆಯ ಕಲ್ಲಿನ ಹತ್ತಿರ ಎಡ ಮೊಣಕಾಲು ಕೈಕೊಟ್ಟು, ಅವಳು ಮೆಣಸಿನಕಾಯಿ ಹೇರಿದ ಟೆಂಪೋದಲ್ಲಿ ಸೀನುತ್ತಾ ಊರು ಸೇರಿದ್ದಳು. ಮೈಮೇಲೆ ಅದೇ ಓಟದ ಅಂಗಿ, ಎದೆಯ ಮೇಲೆ ಇಸವಿ ೨೦೦೭. ಈ ವರ್ಷದ ಓಟಕ್ಕೆ ಹತ್ತೊಂಬತ್ತು ದಿನ ಉಳಿದಿತ್ತು. ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದೆಂದು ಅಂಗಡಿಗೆ ಬಂದಿದ್ದಳು. ಅವಳು ಮೆಟ್ಟಿಲ ಮೇಲೆ ಬಿಟ್ಟ ಹಳೆಯ ಬೂಟು ರಮಜಾನಸಾಬನ ಕಣ್ಣಿಗೆ ಬೀಳದಿದ್ದರೆ ಹಾಗೆಯೇ ಕೊಂಡು ಹೋಗುತ್ತಿದ್ದಳು.

ತಳದ ಒಳ ಅಂಚು ಬಟ್ಟೆ ಕಾಣುವಷ್ಟು ಸವೆದಿತ್ತು. ಹೊರ ಅಂಚು ಹೊಸದರಂತೆಯೇ ಇತ್ತು.

"ಮೊಣಕಾಲಿಂದ ತಪ್ಪಿಲ್ಲ ಯವ್ವಾ," ಎಂದ. "ನಿನ್ನ ಪಾದ ಒಳಕ್ಕ ವಾಲತೈತಿ. ಇಂಥಾ ಎತ್ತಿಗೆ ನಾನು ಒಳಗಿನ ಗೊರಸಿಗೆ ದಪ್ಪ ನಾಲ ಹೊಡೀತೀನಿ."

"ನನಗೂ ಹೊಡೀತೀರೇನ್ರಿ ಕಾಕಾ?"

"ಮೊದಲ ಎತ್ತಿನಂಗ ಕೆಡವಬೇಕಾಗತೈತಿ. ಮೂರು ಮಂದಿ ಬೇಕು."

ದುರ್ಗಾ ನಕ್ಕಳು. ನವಾಜನಿಗೆ ನಗು ಬರಲಿಲ್ಲ. ನಾಲ ಬಡಿಯುವವನಿಗೆ ಬೂಟಿನ ಉಸಾಬರಿ ಯಾಕೆ ಎಂದು ಗೊಣಗುತ್ತಲೇ, ಮೂರನೆಯದಾಗಿ ತನ್ನಲ್ಲಿದ್ದ ಅತ್ಯಂತ ಮೆತ್ತನೆಯ ಬೂಟು ತಂದ. ಹಾಸಿಗಿ ಇದ್ದಂಗ ಐತಿ ನೋಡ್ರಿ ಚಾಚಾ, ಎಂದ.

"ಹಾಸಿಗಿ ಮ್ಯಾಲೆ ಮಲಗ್ತಾರ. ಇಕಿ ಓಡಬೇಕು."

ಆದರೂ ಅವಳು ಅದನ್ನು ಹಾಕಿಕೊಂಡು ಕರೆಂಟು ಕಂಬದವರೆಗೆ ಓಡಿ ಬಂದಳು. ಟಪ್, ಸರ್. ಟಪ್, ಸರ್. ಬೆನ್ನು ತಿರುಗಿಸಿ ಕೂತಿದ್ದ ರಮಜಾನಸಾಬ ತಲೆ ಅಲ್ಲಾಡಿಸಿದ. ಆಮೇಲೆ ಎದ್ದು ಅಂಗಡಿಯೊಳಗೇ ಹೋಗಿ, ಒಂದೊಂದೇ ಬೂಟಿನ ಹಿಮ್ಮಡಿಯ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದ. ಎಲ್ಲವೂ ಜಗ್ಗಿದವು. ಕಟ್ಟಕಡೆಗೆ, ಧೂಳು ತಿಂದ ಡಬ್ಬಿಯೊಂದರಲ್ಲಿ ಬೆರಳು ಗಟ್ಟಿಯಾದದ್ದಕ್ಕೆ ತಾಗಿ ನಿಂತಿತು. ಒಳಮಗ್ಗುಲಿಗೆ ಮಾತ್ರ ಬೂದು ಬಣ್ಣದ ಬಿರುಸಾದ ತುಂಡು ಕೂಡಿಸಿದ ಬೂಟು. ಯಾರಿಗೂ ಬೇಡವಾಗಿ ಮೂರು ವರ್ಷ ಬಿದ್ದಿದೆ, ಗಂಡಸರ ಅಳತೆ, ಮೇಲಾಗಿ ಕುಂಬಳಕಾಯಿ ಬಣ್ಣ ಎಂದ ನವಾಜ.

ದುರ್ಗಾ ಎರಡು ಜೊತೆ ಕಾಲುಚೀಲ ಏರಿಸಿ ಲಾಡಿ ಬಿಗಿದಳು. ಓಡಿದಳು.

ಟಪ್. ಟಪ್. ಟಪ್. ಟಪ್.

ರಮಜಾನಸಾಬ ಕಣ್ಣು ಮುಚ್ಚಿದ. ತಳ ಸವೀತೈತಿ, ಸಾಕು ಅನ್ರಿ ಎಂದ ನವಾಜನಿಗೆ ಬೆರಳೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದ. ಅವಳು ಕಂಬ ದಾಟಿದಳು. ಜೋಳದ ಚೀಲ ಹೇರಿದ ಚಕ್ಕಡಿಯನ್ನು ಹಿಂದೆ ಹಾಕಿದಳು. ತಿರುಗಲಿಲ್ಲ.

"ಚಾಚಾ, ಅಕಿ ಹೊಂಟೇಬಿಟ್ಲು."

"ಯಾಕಡೆ?"

"ರೋಣದ ಕಡೆ."

"ನೋವಾದ್ರ ತಿರುಗ್ತಾಳ," ಎಂದ ರಮಜಾನಸಾಬ.

ಬೇವಿನ ಕೆಳಗೆ ಎತ್ತೊಂದು ತನ್ನ ಸರದಿಗೆ ಕಾಯುತ್ತಿತ್ತು. ಅವನು ಹೋಗಿ ಕೂತು, ಅದರ ನಾಲವನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ದೂರದಲ್ಲಿ ಆ ಸದ್ದು ಇನ್ನೂ ಕೇಳುತ್ತಿತ್ತು, ಬಡಿದರೆ ಮುಚ್ಚಿಹೋಗುತ್ತಿತ್ತು.