ಮಗುವಿನ ಕಿವಿಯ ಬಳಿ ಕುಟ್ಟಾಣಿ

ಹುಟ್ಟಿದ ಏಳನೆಯ ದಿನದ ಶಾಸ್ತ್ರಕ್ಕೆಂದು ಜರಡಿಯಲ್ಲಿ ಮಲಗಿಸಿದ್ದ ಮೊಮ್ಮಗಳ ಕಿವಿಯ ಬಳಿಗೆ ಇನ್ಶಿರಾ ವಾಡಿಕೆಯಂತೆ ಕುಟ್ಟಿ ಸದ್ದು ಮಾಡಲು ಹಿತ್ತಾಳೆಯ ಕುಟ್ಟಾಣಿ ತಂದಾಗ, ಸೊಸೆ ಶಹೀರಾ ಅವಳ ಕೈ ಹಿಡಿದುಕೊಂಡಳು. "ಬೇಡ ಅತ್ತೆ. ಕೇಳಿಸದೇ ಹೋದ್ರೆ?"

ಬಸುರಿನ ಮೂರನೇ ತಿಂಗಳಲ್ಲಿ ಶಹೀರಾಳಿಗೆ ರುಬೆಲ್ಲಾ ಸೋಂಕು ತಗುಲಿತ್ತು. ಮಗುವಿನ ಕಣ್ಣು, ಹೃದಯ, ಕಿವಿ ಯಾವುದಕ್ಕಾದರೂ ಪೆಟ್ಟು ಬೀಳಬಹುದೆಂದು ದಮಿಯತ್ತಾ ಪಟ್ಟಣದ ಡಾಕ್ಟರು ಹೇಳಿದ್ದರು. ಕಣ್ಣು, ಹೃದಯ ಚೆನ್ನಾಗಿದ್ದವು. ಕಿವಿಯ ಪರೀಕ್ಷೆ ಇನ್ನೂ ಆಗಿರಲಿಲ್ಲ.

"ಕೇಳಿಸದಿದ್ರೂ ನಮ್ಮ ಮಗುವೇ ಕಣೇ, ಕೈ ಬಿಡು," ಎಂದು ಇನ್ಶಿರಾ ಜೋರಾಗಿ ಕುಟ್ಟಿದಳು. "ಅಜ್ಜಿ ಮಾತು ಕೇಳು ಪುಟ್ಟಿ, ನಿಮ್ಮಮ್ಮನ ಮಾತು ಕೇಳ್ಬೇಡ."

ಶಾಸ್ತ್ರಕ್ಕೆ ಬಂದಿದ್ದ ಹೆಂಗಸರು ನಕ್ಕರು. ಮಗು ಬೆಚ್ಚಿಬಿದ್ದು, ಹತ್ತೂ ಬೆರಳು ಅಗಲಿಸಿ, ಮುಖ ಕೆಂಪಾಗುವಂತೆ ಅಳತೊಡಗಿತು. ಶಹೀರಾ ಎತ್ತಿಕೊಳ್ಳುವುದನ್ನೂ ಮರೆತು, ಆ ಪುಟ್ಟ ಕಿವಿಯನ್ನೇ ನೋಡುತ್ತ ಮೊಣಕಾಲೂರಿದಳು.

"ಇನ್ನೊಂದ್ಸಲ ಕುಟ್ಟಿ, ಅತ್ತೆ," ಎಂದಳು.