ಖಾಲಿ ಟ್ರೇ

ಬೆಳಿಗ್ಗೆ ಹತ್ತೂವರೆಗೆ ಬೀಗದ ಕಾರ್ಖಾನೆಯ ಜೋಡಣೆ ಮೇಜು ನಿಂತಿತು. ಸ್ಪ್ರಿಂಗ್ ಮುಗಿದಿತ್ತು. ಎರಡು ಗಂಟೆಯ ಲಾರಿಗೆ ಇನ್ನೂ ಎಂಬತ್ತು ಬೀಗ ಬಾಕಿ.

“ನಾನು ಆವತ್ತೇ ಹೇಳ್ಲಿಲ್ವಾ?” ಎನ್ನುತ್ತ ಅಕ್ಕ ಬಂದಳು. ಯಾವ ದಿನ ಯಾವ ಬಿಡಿಭಾಗ ಎಷ್ಟು ಮಾಡಬೇಕೆಂದು ಸೋಮವಾರವೇ ಪಟ್ಟಿ ಬರೆದು ಗೋಡೆಗೆ ಅಂಟಿಸುವುದು ಅವಳ ಪದ್ಧತಿ. ತಮ್ಮನದು ಬೇರೆ. ತುಂಬಿಸಿ ಕೊಟ್ಟ ಕೆಂಪು ಟ್ರೇ ಖಾಲಿಯಾಗಿ ಸ್ಪ್ರಿಂಗ್ ಯಂತ್ರದ ಬಳಿ ವಾಪಸು ಬಂದರೆ ಮಾತ್ರ ಮತ್ತೆ ಇನ್ನೂರು ಸ್ಪ್ರಿಂಗ್. ಬಾರದಿದ್ದರೆ ಯಂತ್ರ ಸುಮ್ಮನಿರಬೇಕು. ಅಪ್ಪ ಒಂದು ವಾರದ ಪರೀಕ್ಷೆಗೆ ಒಪ್ಪಿದ್ದರು. ಎರಡರಲ್ಲಿ ಒಂದನ್ನು ಮಾತ್ರ ಉಳಿಸುವುದಾಗಿಯೂ ಹೇಳಿದ್ದರು. ತೀರ್ಮಾನ ಇಂದು ಸಂಜೆ.

“ಎರಡು ಟ್ರೇ ಕೊಟ್ಟಿದ್ದೆ. ಒಂದೂ ವಾಪಸ್ ಬಂದಿಲ್ಲ,” ಎಂದ ತಮ್ಮ.

“ಟ್ರೇಗೇನು ಕಾಲಿದ್ಯಾ, ತಾನೇ ನಡ್ಕೊಂಡು ಬರೋಕೆ?”

ತಮ್ಮ ಬಗ್ಗಿ ಮೇಜಿನ ಕೆಳಗೆ ನೋಡಿದ. ಒಂದು ಟ್ರೇಯಲ್ಲಿ ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ. ಇನ್ನೊಂದರಲ್ಲಿ ಚಪ್ಪಲಿ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜಿನಲ್ಲಿ ಬೀಗ ಜೋಡಿಸುತ್ತಿರುವ ಸೋದರತ್ತೆ ತಲೆ ಕೂಡ ಎತ್ತಲಿಲ್ಲ.

“ಖಾಲಿ ಬಿದ್ದಿತ್ತು, ಇಟ್ಕೊಂಡೆ. ತಪ್ಪಾ?”

“ಅತ್ತೇ, ಖಾಲಿ ಟ್ರೇ ಬಂದ್ರೇನೇ ಅಲ್ಲಿ ಕೆಲಸ ಶುರುವಾಗೋದು!”

ಅಕ್ಕ ನಕ್ಕಳು. “ನನ್ನ ಪಟ್ಟಿ ಮೇಲಂತೂ ಯಾರೂ ಚಪ್ಪಲಿ ಇಡಲ್ಲಪ್ಪ.”

“ನಿನ್ನ ಪಟ್ಟಿ ಮೇಲೆ ನಾನು ಕೂತಿದೀನಿ ಕಣೇ,” ಎಂದು ಅತ್ತೆ ಸೊಂಟ ಹಿಡಿದು ಎದ್ದರು. ಅವರು ಕೂತಿದ್ದ ಪೆಟ್ಟಿಗೆಯಲ್ಲಿ ಮೂರು ಸಾವಿರ ಸ್ಪ್ರಿಂಗ್ ಇತ್ತು. ಗಿರಾಕಿ ಬೇಡವೆಂದ ಮೇಲೂ, ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ತಯಾರಾದ ಹಳೆಯ ಅಳತೆಯದು. ಅಕ್ಕನ ನಗು ಅಲ್ಲಿಗೇ ನಿಂತಿತು.

ಟ್ರೇಗಳು ಯಂತ್ರದ ಬಳಿ ಹೋದವು. ಅರ್ಧ ಗಂಟೆಯಲ್ಲಿ ಸ್ಪ್ರಿಂಗ್ ಬಂತು. ಒಂದೂ ಮುಕ್ಕಾಲಿಗೆ ಕೊನೆಯ ಬೀಗ ಲಾರಿ ಸೇರಿತು.

“ಬೀಗದ ಹಿತ್ತಾಳೆ ಎರಕ ಹೊರಗಿಂದ ಬರೋಕೆ ಇಪ್ಪತ್ತು ದಿನ ಬೇಕು. ಅದಕ್ಕೆ ಟ್ರೇ ಹಿಡ್ಕೊಂಡು ಕಾಯೋಕಾಗಲ್ಲ. ನಿನ್ನ ಪಟ್ಟಿನೇ ಸರಿ,” ಎಂದ ತಮ್ಮ.

“ಸ್ಪ್ರಿಂಗ್ ಇಲ್ಲೇ ಆಗುತ್ತೆ. ಅದು ನಿನ್ನ ಟ್ರೇಗೇ ಇರ್ಲಿ,” ಎಂದಳು ಅಕ್ಕ. ಹೊಸ ಪಟ್ಟಿಯಿಂದ ಸ್ಪ್ರಿಂಗಿನ ಸಾಲು ಹೊಡೆದುಹಾಕಿ, ಎಲ್ಲಕ್ಕಿಂತ ಮೇಲೆ ಬರೆದಳು: ಅತ್ತೆಗೆ ಸ್ಟೂಲು ಒಂದು, ಡಬ್ಬಿ ಇಡಲು ಗೋಡೆಗೆ ಹಲಗೆ ಒಂದು.

ಸಂಜೆ ಅಪ್ಪ ಬಂದರು. ಗೋಡೆಯ ಮೇಲೆ ಪಟ್ಟಿ, ಯಂತ್ರದ ಪಕ್ಕ ಕೆಂಪು ಟ್ರೇ, ಎರಡೂ ಕಂಡವು.

“ಕೊನೆಗೆ ಉಳಿದಿದ್ದು ಯಾವುದು?”

ಹೊಸ ಸ್ಟೂಲಿನ ಮೇಲಿಂದ ಅತ್ತೆ ಹೇಳಿದರು:

“ನನ್ನ ಸೊಂಟ, ಅಣ್ಣ.”